ಕೋವಿಯ ಮೂತಿ ಮತ್ತು ತನಿಯಪ್ಪನ ಕಿವಿ

ಬೋಳಾರದಲ್ಲಿ ಮೇಜಿನ ಮುಂದೆ ಕೂತು ಬರೆಯುವವನಿಗೆ ಮೊದಲು ಬೇಕಾದದ್ದು ಮಸಿಯಲ್ಲ, ಭಾರ. ಮಧ್ಯಾಹ್ನದ ಊಟ ಮುಗಿದು ಎಲೆಯಡಿಕೆಗೆ ಕೈ ಹೋಗುವ ಹೊತ್ತಿಗೆ ಸರಿಯಾಗಿ ಹೊಳೆಯ ಕಡೆಯಿಂದ ಗಾಳಿ ಏಳುತ್ತದೆ. ಕಿಟಕಿಯನ್ನು ಅದು ನೆಂಟನ ಹಾಗೆ ಬಳಸುವುದಿಲ್ಲ, ಮನೆಯ ಯಜಮಾನನ ಹಾಗೆ ಬಳಸುತ್ತದೆ. ನೇರ ಒಳಗೆ ಬಂದು, ನಾನು ಬೆಳಗ್ಗಿನಿಂದ ಬರೆದಿಟ್ಟದ್ದನ್ನೆಲ್ಲ ಒಂದು ಸಲ ಓದಿದಂತೆ ಮಾಡಿ, ಸರಿಯಿಲ್ಲವೆಂದು ನೆಲಕ್ಕೆ ಎಸೆದು ಹೋಗುತ್ತದೆ. ಈ ಗಾಳಿಯ ವಿಮರ್ಶೆಯಿಂದ ನನ್ನ ಕಾಗದಗಳನ್ನು ಹನ್ನೊಂದು ವರ್ಷ ಕಾಪಾಡಿದ್ದು ಒಂದು ಉಕ್ಕಿನ ತುಂಡು. ಹೆಬ್ಬೆರಳಿಗಿಂತ ತುಸು ದಪ್ಪ, ಉದ್ದವೂ ಅಷ್ಟೇ, ನಡುವೆ ಆಚೆಯಿಂದ ಈಚೆಗೆ ಕಾಣುವ ತೂತು, ಎರಡೂ ಬದಿಯಲ್ಲಿ ಓರೆಯಾಗಿ ಕೊಯ್ದ ನಾಲ್ಕು ನಾಲ್ಕು ಸೀಳು. ಬಂಗುಡೆಯ ತಲೆಯನ್ನು ನೀವು ಕೈಯಲ್ಲಿ ಹಿಡಿದು ನೋಡಿದವರಾದರೆ, ಅದರ ಕಿವಿರಿನ ಹಾಗೆ ಎಂದರೆ ಸಾಕು.

ಬಂದವರೆಲ್ಲ ಅದನ್ನು ಎತ್ತಿ ನೋಡುತ್ತಿದ್ದರು. ಕೆಲವರು ಸೈಕಲ್ಲಿನ ಭಾಗವೆಂದರು, ಒಬ್ಬರು ಪಾದ್ರಿಗಳು ಹಾರ್ಮೋನಿಯಮ್ಮಿನದೇನೋ ಎಂದು ಬಾಯಿಗೆ ಹಿಡಿದು ಊದಿಯೂ ನೋಡಿದರು. ನಾನು ನಗುತ್ತಿದ್ದೆ. ಅದು ಕೋವಿಯದು, ಬೇಟೆಯ ರೈಫಲಿನ ನಳಿಗೆಯ ತುದಿಗೆ ತಿರುಪಿ ಹಾಕುವಂಥದು ಎಂದು ಹೇಳಿ, ಹೇಗೂ ಕೂತಿದ್ದಾರಲ್ಲ ಎಂದು ಅದರ ಕತೆಯನ್ನೂ ಹೇಳುತ್ತಿದ್ದೆ. ಕತೆ ಹೇಳುವುದು ನನಗೆ ಚಟ. ಮದುವೆಯ ಮುನ್ನಾದಿನ ನಮ್ಮಲ್ಲಿ ಹುಡುಗಿಗೆ ತೆಂಗಿನಹಾಲು ಹಚ್ಚುವ ರೋಸಿನ ಸಂಭ್ರಮ ಇರುತ್ತದಲ್ಲ, ಅಲ್ಲಿ ಹಾಡು ಮುಗಿದು ಊಟಕ್ಕೆ ಎಲೆ ಹಾಕುವ ನಡುವಿನ ಹೊತ್ತಿನಲ್ಲಿ ಜನ ನನ್ನ ಸುತ್ತ ಕೂರುತ್ತಿದ್ದರು, ಮತ್ತು ಹತ್ತರಲ್ಲಿ ಆರು ಸಲ ಕೇಳುತ್ತಿದ್ದದ್ದು ಇದೇ ಕತೆಯನ್ನು: ಲಾದ್ರು ಬಾಪ್ಪು ಹಂದಿಬೇಟೆಗೆ ಹೋಗಿ ಮುಳ್ಳಿನ ಬೇಲಿಗೆ ಬಿದ್ದ ಕತೆ.

ಹೋದ ತಿಂಗಳು ಫೆಲಿಕ್ಸ್ ಬಂದಿದ್ದ. ಲಾದ್ರು ಬಾಪ್ಪು ಎಂದರೆ ನನ್ನ ತಂದೆಯ ತಮ್ಮ. ಅವರು ತೀರಿಕೊಂಡು ವರ್ಷವಾಯಿತು. ಫೆಲಿಕ್ಸ್ ಅವರ ಅಳಿಯ. ಮಾವನ ರೈಫಲನ್ನು ಈಗ ತನ್ನ ಹೆಸರಿನ ಲೈಸೆನ್ಸಿಗೆ ಮಾಡಿಸಿಕೊಂಡಿದ್ದಾನೆ.

“ಆ ಮೂತಿ ನಿಮ್ಮತ್ರ ಉಂಟಂತೆ ಅಲ್ವಾ?” ಎಂದ. “ಕೊಡಿ ಮಾರಾಯ್ರೆ, ಪುನಃ ಹಾಕಿಸ್ತೇನೆ. ಈ ರೈಫಲು ಕತ್ತೆ ಒದ್ದ ಹಾಗೆ ಒದೀತದೆ. ನನ್ನ ಹೆಗಲು ನೋಡಿ, ನೇರಳೆ ಹಣ್ಣಾಗಿದೆ.”

ಆಮೇಲೆ ನನ್ನ ಹೆಂಡತಿ ತಂದಿಟ್ಟ ಕಾಫಿ ಕುಡಿಯುತ್ತ, ಕುರ್ಚಿಗೆ ಒರಗಿ, “ಆ ಕಿವುಡನ ಕತೆ ಒಮ್ಮೆ ಹೇಳಿಬಿಡಿ. ನೀವು ಅವನ ಹಾಗೆ ಬೊಬ್ಬೆ ಹಾಕುವುದು ಉಂಟಲ್ಲ, ಅದು ಬೇರೆ ಯಾರಿಗೂ ಬರುವುದಿಲ್ಲ” ಎಂದ.

ನನಗೆ ಸಿಟ್ಟು ಬಂತು. ಎಂಥ ಸಿಟ್ಟೆಂದರೆ, ಕಾಫಿಯ ಲೋಟವನ್ನು ಅವನ ಕೈಯಿಂದ ಕಿತ್ತುಕೊಳ್ಳಬೇಕೆನ್ನುವಷ್ಟು. ಆದರೆ ಪಾಪ, ಫೆಲಿಕ್ಸ್ ತಪ್ಪೇನು ಮಾಡಿದ್ದ? ನಾನು ಹನ್ನೊಂದು ವರ್ಷದಿಂದ ಹಂಚಿದ ಸಿಹಿಯನ್ನೇ ಇನ್ನೊಂದು ತುಂಡು ಕೇಳಿದ್ದ. ನನ್ನ ಬಾಯಿಯಿಂದ ಹೊರಟದ್ದು ಇನ್ನೊಬ್ಬನ ಬಾಯಲ್ಲಿ ಕೇಳಿದಾಗ ಅದರ ನಾತ ಗೊತ್ತಾಯಿತು, ಅಷ್ಟೆ. ಈಗ ಆ ಕತೆಯನ್ನು ನಿಮಗೆ ಹೇಳುತ್ತೇನೆ. ಈ ಸಲ ಯಾರನ್ನೂ ನಗಿಸುವುದಕ್ಕಲ್ಲ. ನಾನು ಪ್ರತಿ ಸಲ ಬಿಟ್ಟು ಹೇಳುತ್ತಿದ್ದ ಭಾಗವನ್ನೂ ಸೇರಿಸಿ ಹೇಳುತ್ತೇನೆ.

ಲಾದ್ರು ಬಾಪ್ಪು ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಹೆಡ್ ರೈಟರ್. ನಾನು ಅದೇ ಆಫೀಸಿನಲ್ಲಿ, ಅವರದೇ ಶಿಫಾರಸಿನಿಂದ, ಇಪ್ಪತ್ತೆರಡನೆಯ ವಯಸ್ಸಿಗೆ ಕಿರಿಯ ರೈಟರ್ ಆಗಿ ಸೇರಿದ್ದೆ. ಬಾಪ್ಪು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೆಟ್ಟವರ ಮೇಲಿನ ಸಿಟ್ಟು ಎರಡು ದಿನದಲ್ಲಿ ಆರುತ್ತದೆ, ಹನ್ನೊಂದು ವರ್ಷ ಬಾಳುವುದು ಒಳ್ಳೆಯವರ ಮೇಲಿನದು ಮಾತ್ರ. ಅವರಿಗೆ ಇದ್ದ ಒಂದೇ ಮೋಹ ಬೇಟೆ. ಭಾನುವಾರ ಬೆಳಗಿನ ಮೊದಲ ಪೂಜೆ ಮುಗಿಸಿ, ಇಗರ್ಜಿಯ ಮೆಟ್ಟಿಲಿನಿಂದ ನೇರವಾಗಿ ಕಾಟಿಪಳ್ಳದ ಕಡೆ ಹೊರಡುತ್ತಿದ್ದರು. ಆಗ ಅಲ್ಲಿ ಮನೆಗಳು ಎಲ್ಲಿದ್ದವು. ಮುಳಿಹುಲ್ಲಿನ ಗುಡ್ಡ, ಗೇರುಮರ, ಗುಡ್ಡದ ಬುಡದಲ್ಲಿ ಒಂದಿಷ್ಟು ಗದ್ದೆ, ಆ ಗದ್ದೆಗೆ ನುಗ್ಗುವ ಹಂದಿಗಳು. ಗದ್ದೆಯವರೇ ಕರೆಯುತ್ತಿದ್ದರು. ಘಟ್ಟದ ಮೇಲಿನ ಕಾಫಿತೋಟದ ಒಬ್ಬ ಬಿಳಿಯ ದೊರೆ ತನ್ನ ದೇಶಕ್ಕೆ ಮರಳುವಾಗ ಮಾರಿದ ರೈಫಲೊಂದು ಬಾಪ್ಪುವಿನ ಕೈಗೆ ಬಂದದ್ದು ಹನ್ನೆರಡು ವರ್ಷದ ಹಿಂದೆ.

ಅದು ದೊಡ್ಡ ಆಳಿಗೆ ಮಾಡಿದ ಕೋವಿ; ಬಾಪ್ಪು ಸಣ್ಣ ಆಳು. ಒಂದು ಗುಂಡು ಹಾರಿಸಿದರೆ ಒಂದು ವಾರ ನೋವು. ಮುಂದಿನ ಭಾನುವಾರ ಪೂಜೆಯಲ್ಲಿ ಶಿಲುಬೆಯ ಗುರುತು ಹಾಕುವಾಗ ಹಣೆ, ಎದೆ, ಎಡ ಹೆಗಲು ಸರಾಗವಾಗಿ ಮುಗಿದು, ಬಲ ಹೆಗಲಿನ ಹತ್ತಿರ ಕೈ ಬಂದಾಗ ಅದನ್ನು ಮುಟ್ಟದೆ ಗಾಳಿಯಲ್ಲೇ ಹಾರಿಸಿಬಿಡುತ್ತಿದ್ದರು. ದೇವರಿಗೆ ಮುಕ್ಕಾಲು ಶಿಲುಬೆ ಸಾಕೆಂದು ಚಿಕ್ಕಮ್ಮ ಗೇಲಿ ಮಾಡುತ್ತಿದ್ದರು. ಆಗ ಅವರಿಗೆ ನೆನಪಾದದ್ದು, ರೈಫಲಿನ ಪೆಟ್ಟಿಗೆಯ ಮೂಲೆಯಲ್ಲಿ ಮಕಮಲ್ಲಿನ ಗುಳಿಯೊಳಗೆ ಮಲಗಿದ್ದ ಈ ಉಕ್ಕಿನ ತುಂಡು. ನಳಿಗೆಯ ತುದಿಯಲ್ಲಿ ತಿರುಪಿನ ಎಳೆಗಳಿದ್ದವು. ಅವು ಸವೆಯದಂತೆ ಒಂದು ಹಿತ್ತಾಳೆಯ ಉಂಗುರ ಹಾಕಿತ್ತು. ಉಂಗುರ ತೆಗೆದು ಇದನ್ನು ಹಾಕಿದರೆ ಒದೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆಂದು ದೊರೆ ಹೇಳಿದ್ದನಂತೆ. ಚಿಕ್ಕಮ್ಮ ಅದಕ್ಕೆ ‘ಮೂತಿ’ ಎಂದು ಹೆಸರಿಟ್ಟರು.

ಬಂದರಿನಲ್ಲಿ ಕೋವಿ ರಿಪೇರಿಯ ಲೈಸೆನ್ಸು ಇದ್ದ ಹಸನಬ್ಬ ಬ್ಯಾರಿಗಳ ಅಂಗಡಿಗೆ ಬಾಪ್ಪುವಿನ ಜೊತೆ ನಾನೂ ಹೋಗಿದ್ದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಮೂತಿಯನ್ನು ಬೆಳಕಿಗೆ ಹಿಡಿದು ಆಚೆಯಿಂದ ಈಚೆಗೆ ನೋಡಿದರು. ಬದಿಯ ಸೀಳುಗಳ ಮೇಲೆ ಉಗುರು ಎಳೆದರು. ಎಳೆಗಳಿಗೆ ಎಣ್ಣೆ ಸವರಿ, ಮಗುವಿನ ತಲೆಗೆ ಟೊಪ್ಪಿ ಹಾಕುವಷ್ಟು ನಯದಿಂದ ತಿರುಪಿದರು. ಆಮೇಲೆ ಹೇಳಿದರು:

“ಪೊರ್ಬುಗಳೇ, ಹಾಕಿ ಕೊಟ್ಟಿದ್ದೇನೆ. ಆದರೆ ಒಂದು ಮಾತು. ಇದು ಒದೆಯನ್ನು ಇಲ್ಲದ ಹಾಗೆ ಮಾಡುವುದಲ್ಲ. ಒದೆ ಎಲ್ಲಿಗೂ ಹೋಗುವುದಿಲ್ಲ, ಬೇರೆಯವರ ಮನೆಗೆ ಹೋಗ್ತದೆ ಅಷ್ಟೇ. ಮುಂದಕ್ಕೆ ಹೋಗುವ ಹೊಗೆ, ಗಾಳಿ, ಶಬ್ದ ಎಲ್ಲ ಇನ್ನು ಈ ಸೀಳಿನಿಂದ ಬದಿಗೆ ಬರ್ತದೆ. ನಿಮ್ಮ ಪಕ್ಕದಲ್ಲಿ ಯಾರನ್ನೂ ನಿಲ್ಲಿಸಬೇಡಿ. ನಿಲ್ಲುವವರಿದ್ದರೆ ಹಿಂದೆ ನಿಲ್ಲಲಿ.”

ಪೊರ್ಬು ಎಂದರೆ ನಮ್ಮೂರಿನಲ್ಲಿ ಕ್ರೈಸ್ತರನ್ನು ಗೌರವದಿಂದ ಕರೆಯುವ ತುಳುವಿನ ಮಾತು. ಬಾಪ್ಪು ರೈಫಲನ್ನು ಹೆಗಲಿಗೆ ಹಿಡಿದು ನೋಡುತ್ತಿದ್ದರು. “ಒದೆ ಕಡಿಮೆ ಆಗ್ತದಲ್ಲ ಬ್ಯಾರಿಗಳೇ, ಅಷ್ಟು ಸಾಕು” ಎಂದರು. ಅವರಿಗೆ ಕೇಳಿದ್ದು ಮೊದಲಿನ ಅರ್ಧ ಮಾತ್ರ. ನನಗೆ ಪೂರ್ತಿ ಕೇಳಿತ್ತು. ಇದನ್ನು ನೆನಪಿಡಿ, ನಾನೂ ಮರೆತಿಲ್ಲ.

ಏಕೆಂದರೆ ಬಾಪ್ಪುವಿನ ಪಕ್ಕದಲ್ಲಿ ನಿಲ್ಲುವವನು ಒಬ್ಬನಿದ್ದ. ಅವನು ತನಿಯಪ್ಪ. ‘ಅವನು’ ಎಂದೇ ಬರೆಯುತ್ತಿದ್ದೇನೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವನನ್ನು ನಾನು ಆಗ ಹಾಗೆಯೇ ಕರೆಯುತ್ತಿದ್ದೆ, ಸುಳ್ಳೇಕೆ.

ತನಿಯಪ್ಪ ನಮ್ಮ ಕಾರ್ಖಾನೆಯ ಕಿವಿ. ಅಲಂಕಾರಕ್ಕೆ ಹೇಳುತ್ತಿಲ್ಲ. ಸುಟ್ಟು ಆರಿದ ಹಂಚು ಕಣ್ಣಿಗೆ ಎಲ್ಲವೂ ಒಂದೇ. ಒಳಗೆ ಕೂದಲೆಳೆಯ ಬಿರುಕಿದ್ದರೆ ಅದು ತಿಳಿಯುವುದು ಶಬ್ದಕ್ಕೆ. ಗೂಡಿನ ಪಕ್ಕದ ಚಪ್ಪರದಲ್ಲಿ ತನಿಯಪ್ಪ ಒಂದು ಮಣೆಯ ಮೇಲೆ ಕೂರುತ್ತಿದ್ದ. ಹೆಂಗಸರು ಹಂಚು ತಂದು ಎದುರಿಗೆ ಹಿಡಿಯುತ್ತಿದ್ದರು. ಅವನು ಒಂದೊಂದನ್ನೇ ಮೂಲೆ ಹಿಡಿದು ಬಲಗಿವಿಯ ಹತ್ತಿರ ತೂಗಿ, ಹುಣಿಸೆಯ ಸಣ್ಣ ಕೋಲಿನಿಂದ ಬಡಿಯುತ್ತಿದ್ದ. ಗಂಟೆಯ ಹಾಗೆ ಠಣ್ಣೆಂದರೆ “ಹಡಗಿಗೆ” ಎನ್ನುತ್ತಿದ್ದ; ಅದು ಬಂದರಿಗೆ ಹೋಗಿ ಪರದೇಶದ ಮಾಡು ಏರುತ್ತಿತ್ತು. ದನಿ ಸ್ವಲ್ಪ ಮಂಕಾದರೆ “ಊರಿಗೆ”. ಬದ್ದೆಂದರೆ “ಹೊಂಡಕ್ಕೆ”, ಅದು ಕಾರ್ಖಾನೆಯ ಹಿಂದಿನ ಹೊಂಡಕ್ಕೆ ಬೀಳುತ್ತಿತ್ತು. ಹಡಗಿಗೆ ಕಳಿಸಲು ಒಂದು ಬಡಿತ ಸಾಕು, ಹೊಂಡಕ್ಕೆ ಹಾಕುವ ಮೊದಲು ಮೂರು ಸಲ ಬಡಿಯಬೇಕು, ಇದು ಅವನ ಗುರು ಅವನಿಗೆ ಕಲಿಸಿದ್ದ ಕ್ರಮ. ಇನ್ನೊಂದು ಕ್ರಮವೂ ಇತ್ತು: ಬಡಿಯುವವನು ಹೊರುವುದಿಲ್ಲ. ಅವನು ಹೇಳುತ್ತಾನೆ, ಕೇಳಿದವರು ಹೊತ್ತುಕೊಂಡು ಹೋಗುತ್ತಾರೆ. ಧಣಿಗಳೇ ಎದುರು ಬಂದು ನಿಂತರೂ ತನಿಯಪ್ಪ ಆ ಮಣೆಯಿಂದ ಏಳುತ್ತಿರಲಿಲ್ಲ. ಏಳಬೇಕೆಂದು ಯಾರಿಗೂ ಅನಿಸುತ್ತಲೂ ಇರಲಿಲ್ಲ.

ಈ ಕಿವಿಯನ್ನು ಬಾಪ್ಪು ಭಾನುವಾರ ಬೇಟೆಗೆ ಒಯ್ಯುತ್ತಿದ್ದರು. ಹಂದಿ ಪೊದೆಯಲ್ಲಿ ಕಾಲು ಬದಲಿಸಿದರೆ ಸಾಕು, ತನಿಯಪ್ಪನಿಗೆ ಗೊತ್ತಾಗುತ್ತಿತ್ತು. ಗುಡ್ಡದಲ್ಲಿ ಮಾತಾಡುವಂತಿಲ್ಲವಲ್ಲ, ಅದಕ್ಕಾಗಿ ಅವನು ಬಾಪ್ಪುವಿನ ಎಡಕ್ಕೆ, ಅರ್ಧ ಹೆಜ್ಜೆ ಮುಂದೆ ನಿಂತು, ಕೈ ಹಿಂದೆ ಚಾಚಿ ಅವರ ಮೊಣಕೈ ಮುಟ್ಟುತ್ತಿದ್ದ. ಒಂದು ಸಲ ಮುಟ್ಟಿದರೆ ಉಂಟು. ಎರಡು ಸಲ ಮುಟ್ಟಿದರೆ ಬರ್ತಾ ಉಂಟು. ಕೈ ತೆಗೆದರೆ ಹೊಡಿ. ಎಡಕ್ಕೆ, ಅರ್ಧ ಹೆಜ್ಜೆ ಮುಂದೆ: ನಳಿಗೆಯ ತುದಿಗೂ ಅವನ ಬಲಗಿವಿಗೂ ಒಂದು ಮೊಳದ ಅಂತರ.

ಮೂತಿ ಹಾಕಿದ ಮೇಲೆ ಗುರಿ ಸರಿಯಾಗಿದೆಯೇ ಎಂದು ನೋಡಲು ಹೊಂಡದ ಹಂಚುಗಳನ್ನು ಒಯ್ದು ಗುಡ್ಡದ ಬದಿಗೆ ನಿಲ್ಲಿಸಿದೆವು. ಅಲ್ಲಿಯೂ ತನಿಯಪ್ಪ ಒಂದೊಂದನ್ನೂ ಬಡಿದು ನೋಡಿಯೇ ಇಟ್ಟ. ಒಂದನ್ನು ಪಕ್ಕಕ್ಕೆ ತೆಗೆದ. “ಇದು ಊರಿನದ್ದು ಪೊರ್ಬುಲೆ, ತಪ್ಪಿ ಬಂದದ್ದು. ಇದಕ್ಕೆ ಗುಂಡು ಹಾಕಿದರೆ ಪಾಪ ಬರ್ತದೆ” ಎಂದ. ಬಾಪ್ಪು ನಕ್ಕು ಉಳಿದವುಗಳ ಕಡೆ ಗುರಿಯಿಟ್ಟರು. ನಾನು ಇಪ್ಪತ್ತು ಹೆಜ್ಜೆ ಹಿಂದಿದ್ದೆ. ಅಲ್ಲಿಗೂ ಕೆನ್ನೆಗೆ ಯಾರೋ ಒದ್ದೆ ಬಟ್ಟೆ ಬೀಸಿ ಹೊಡೆದ ಹಾಗಾಯಿತು. ಬಾಪ್ಪು ತಿರುಗಿ, ಹೆಗಲು ಕುಣಿಸಿ, “ಏನೂ ಇಲ್ಲ, ಹೂವು ಮುಟ್ಟಿದ ಹಾಗೆ” ಎಂದರು. ತನಿಯಪ್ಪ ಬಲಗೈಯನ್ನು ಕಿವಿಯ ಮೇಲಿಟ್ಟು ನಿಂತಿದ್ದ. ಅವನಿಗೆ ಹೇಳಬೇಕೆಂದು ಒಂದು ಹೆಜ್ಜೆ ಮುಂದಿಟ್ಟವನು ನಾನು ಅಲ್ಲಿಯೇ ನಿಂತೆ. ಬಾಪ್ಪುವಿನ ಎದುರು ಬಾಪ್ಪುವಿನ ಕೋವಿಯ ದೋಷ ಹೇಳುವುದು ಹೇಗೆ? ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ಎನ್ನುವ ಆ ಹೊತ್ತು ನನಗೆ ಕಾರ್ಖಾನೆಯಲ್ಲಿ ದಿನಕ್ಕೆ ಹತ್ತು ಸಲ ಸಿಗುತ್ತಿತ್ತು, ಹತ್ತು ಸಲವೂ ನಾನು ಹೇಳಲಿಲ್ಲ.

ಆ ಚಳಿಗಾಲವಿಡೀ ಬೇಟೆ ನಡೆಯಿತು. ಬಾಪ್ಪು ಪೂರ್ತಿ ಶಿಲುಬೆ ಹಾಕತೊಡಗಿದರು. ತನಿಯಪ್ಪ ಮೊದಲು, ಕಿವಿಯಲ್ಲಿ ಜೀರುಂಡೆ ಕೂತಿದೆ ಎಂದ. ಬಾಪ್ಪು ಕಿವಿಯ ಗುಗ್ಗೆ ಇರಬೇಕೆಂದು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಕಳಿಸಿದರು. ನೋಡಿ, ಕಳಿಸಿದರು, ಅಷ್ಟು ಒಳ್ಳೆಯವರು. ಜೀರುಂಡೆ ಇಳಿಯಲಿಲ್ಲ. “ಮೂತಿಯದ್ದೇ ಏನೋ ಅಂತ ನನಗೆ ಸಂಶಯ ಪೊರ್ಬುಲೆ, ಮೊದಲು ಹೀಗೆ ಆಗ್ತಿರಲಿಲ್ಲ” ಎಂದು ಒಮ್ಮೆ ಅವನೇ ಹೇಳಿದ. ಬಾಪ್ಪು, “ಕೋವಿ ಹಿಡಿದವನು ನಾನು, ನನ್ನ ಕಿವಿ ಸರಿ ಉಂಟಲ್ಲ ಮಾರಾಯ” ಎಂದರು. ನಾನು ಪಕ್ಕದಲ್ಲೇ ರಿಜಿಸ್ಟರಿಗೆ ಗೆರೆ ಎಳೆಯುತ್ತಿದ್ದೆ. ಗೆರೆ ನೇರವಾಗಿಯೇ ಬಂತು.

ಇನ್ನು ಆ ತಮಾಷೆಯ ಕತೆ. ಮಾರ್ಚಿನ ಒಂದು ಬೆಳಗ್ಗೆ, ಬಾಪ್ಪು ಲಂಟಾನದ ಬೇಲಿಯ ಪಕ್ಕ ನಿಂತಿದ್ದಾರೆ, ತನಿಯಪ್ಪ ಅರ್ಧ ಹೆಜ್ಜೆ ಮುಂದೆ. ಅಷ್ಟರಲ್ಲಿ ಅವನು, ವರ್ಷಗಟ್ಟಲೆ ಬೆರಳಿನಿಂದ ಮಾತ್ರ ಮಾತಾಡಿದವನು, ಗುಡ್ಡ ಬಿರಿಯುವಂತೆ, “ಹಂದಿ ಉಂಟು ಪೊರ್ಬುಲೆ” ಎಂದು ಬೊಬ್ಬೆ ಹಾಕಿದ. ಬಾಪ್ಪು ಬೆಚ್ಚಿ ಹಿಮ್ಮೆಟ್ಟಿ ಬೇಲಿಯೊಳಗೆ ಕೂತರು. ಹಂದಿ ಒಂದು ಕಡೆ, ಟೊಪ್ಪಿ ಇನ್ನೊಂದು ಕಡೆ. ಚಿಕ್ಕಮ್ಮ ಎರಡು ದಿನ ಮುಳ್ಳು ತೆಗೆದರು. ರೋಸಿನ ಮನೆಗಳಲ್ಲಿ ನಾನು ಆ ಬೊಬ್ಬೆಯನ್ನು ಅವನ ಹಾಗೆಯೇ ಹಾಕುತ್ತಿದ್ದೆ, ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನು ಯಾಕೆ ಬೊಬ್ಬೆ ಹಾಕಿದ ಎಂದು ಒಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವನ ಪಾಲಿಗೆ ಅದು ಬೊಬ್ಬೆಯಲ್ಲ, ಪಿಸುಮಾತು. ತಾನು ಕಣ್ಣಿನಿಂದ ಕಂಡ ಹಂದಿ ಬಾಪ್ಪುವಿಗೆ ತಪ್ಪಿಹೋಗಬಾರದೆಂದು ಅವಸರದಲ್ಲಿ ಪಿಸುಗುಟ್ಟಿದ್ದ. ತನ್ನ ದನಿ ಎಷ್ಟು ದೊಡ್ಡದೆಂದು ಅಳೆಯುವ ಕಿವಿ ಆಗಲೇ ಹೋಗಿತ್ತು.

ಮರುವಾರದಿಂದ ಬಾಪ್ಪು ಅವನನ್ನು ಬೇಟೆಗೆ ಕರೆಯಲಿಲ್ಲ. ಕಾರ್ಖಾನೆಯಲ್ಲಿ ಬಿರುಕಿನ ಹಂಚು ಹಡಗಿನ ರಾಶಿಯಲ್ಲಿ ಸಿಗತೊಡಗಿತು. ಅತ್ತಾವರದ ಒಬ್ಬ ಕಿವಿಯ ಡಾಕ್ಟರು ನೋಡಿ, ಬಲಗಿವಿಯ ನರವೇ ಸತ್ತಿದೆ, ಎಡದ್ದೂ ಅರ್ಧ ಹೋಗಿದೆ, ಇದಕ್ಕೆ ಮದ್ದಿಲ್ಲ ಎಂದರು. ಏಪ್ರಿಲಿನಲ್ಲಿ ತನಿಯಪ್ಪನನ್ನು ಬಡಿಯುವ ಕೆಲಸದಿಂದ ತೆಗೆದು, ದೋಣಿಯಿಂದ ಮಣ್ಣು ಇಳಿಸುವಲ್ಲಿಗೆ ಹಾಕುವ ಆರ್ಡರು ಹೊರಟಿತು. ಕಾರಣ, ಕಿವಿ ಕೇಳಿಸದಿರುವುದು. ಸಹಿ ಹೆಡ್ ರೈಟರದು. ಅಕ್ಷರ ನನ್ನದು, ಆಗ ನನ್ನ ಅಕ್ಷರ ಮುತ್ತಿನ ಹಾಗಿತ್ತು, ಬಾಪ್ಪುವಿಗೆ ಅದರ ಹೆಮ್ಮೆ. ಇಂಗ್ಲಿಷಿನಲ್ಲಿದ್ದುದರಿಂದ ಓದಿ ಹೇಳುವ ಕೆಲಸವೂ ನನಗೇ ಬಂತು.

ಮಣೆಯ ಮೇಲೆ ಕೂತಿದ್ದವನ ಎದುರು ನಿಂತು ಹೇಳಿದೆ. ಅವನು ಎಡಗಿವಿ ತಿರುಗಿಸಿ, “ಎಂತ?” ಎಂದ. ಇನ್ನೂ ಜೋರಾಗಿ ಹೇಳಿದೆ. ಪುನಃ, “ಎಂತ ಪೊರ್ಬುಲೆ?” ಎಂದ. ಮೂರನೆಯ ಸಲ ನಾನು ಕೂಗಿದೆ. ಹಂಚು ಹಿಡಿದ ಹೆಂಗಸರು ನಿಂತಲ್ಲೇ ನಿಂತರು, ದೋಣಿಯವರು ತಿರುಗಿ ನೋಡಿದರು. ಇಡೀ ಅಂಗಳಕ್ಕೆ, ತನಿಯಪ್ಪ ಕಿವುಡ, ತನಿಯಪ್ಪ ಇನ್ನು ಮಣ್ಣು ಹೊರಬೇಕು ಎಂದು ಸಾರಿದ ಹಾಗಾಯಿತು. ಅವನು ಹುಣಿಸೆಯ ಕೋಲನ್ನು ಮಣೆಯ ಮೇಲಿಟ್ಟು ಎದ್ದ.

“ಮೊದಲ ಸಲವೇ ಗೊತ್ತಾಗಿತ್ತು” ಎಂದ. “ಆದರೂ ಮೂರು ಸಲ ಹೇಳಿಸಿದೆ. ಹೊಂಡಕ್ಕೆ ಹಾಕುವಾಗ ಮೂರು ಸಲ ಬಡೀಬೇಕಲ್ಲ.”

ಇಷ್ಟಕ್ಕೇ ಮುಗಿದಿದ್ದರೆ, ಯಾರಿಗೂ ಗೊತ್ತಿಲ್ಲದೆ ಆದ ಅನಾಹುತವೆಂದು ನನಗೆ ನಾನೇ ಹೇಳಿಕೊಂಡು ಸಮಾಧಾನಪಡಬಹುದಿತ್ತು. ಮೇ ತಿಂಗಳಿನಲ್ಲಿ ಕಂಪನಿಯ ದೊಡ್ಡ ಆಫೀಸಿನಿಂದ ಒಬ್ಬ ಅಧಿಕಾರಿ ಬಂದರು. ಬೇಟೆ ನೋಡಬೇಕೆಂದರು. ಬಾಪ್ಪು ಅವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಒಂದು ಗುಂಡು ಹಾರಿಸಿದರು. ಒಂದೇ ಒಂದು. ಸಂಜೆ ಊಟಕ್ಕೆ ಕೂತಾಗ ಆ ಅಧಿಕಾರಿ, “ನಿಮ್ಮ ರೈಫಲಿನಲ್ಲಿ ಏನೋ ದೋಷ ಇರಬೇಕು ಕಣ್ರೀ, ನನ್ನ ಕಿವಿ ಬೆಳಗ್ಗಿನಿಂದ ಗುಂಯ್ ಅಂತಿದೆ” ಎಂದರು. ಮರುದಿನ ಸೋಮವಾರ ಅಂಗಡಿ ಬಾಗಿಲು ತೆರೆಯುವ ಮೊದಲೇ ಬಾಪ್ಪು ಹಸನಬ್ಬ ಬ್ಯಾರಿಗಳ ಮೆಟ್ಟಿಲ ಮೇಲಿದ್ದರು. “ತೆಗೆದುಬಿಡಿ ಇದನ್ನು, ಪಕ್ಕದವರಿಗೆ ತೊಂದರೆ ಆಗ್ತದೆ” ಎಂದರು.

ಎಂಟು ತಿಂಗಳಲ್ಲಿ ಹೊಗೆಯೂ ತುಕ್ಕೂ ಸೇರಿ ಮೂತಿ ನಳಿಗೆಗೆ ಕಚ್ಚಿಕೊಂಡಿತ್ತು. ಬ್ಯಾರಿಗಳು ಎಳೆಗಳಿಗೆ ಎಣ್ಣೆ ಕುಡಿಸಿ ಇಟ್ಟು, ಮರುದಿನ ಚರ್ಮದ ತುಂಡು ಸುತ್ತಿ, ಮೇಜಿಗೆ ಬಿಗಿದ ವೈಸಿನ ಬಾಯಿಗೆ ಕೊಟ್ಟು, ಉಸಿರು ಹಿಡಿದು ತಿರುಗಿಸಿದರು. ಮುದುಕನ ಹಲ್ಲು ಬಿಟ್ಟ ಹಾಗೆ ಒಂದು ಶಬ್ದ ಮಾಡಿ ಅದು ಸಡಿಲಿತು. ಹಿತ್ತಾಳೆಯ ಉಂಗುರ ಸ್ವಸ್ಥಾನಕ್ಕೆ ಬಂತು. ಬ್ಯಾರಿಗಳು ಮೂತಿಯನ್ನು ನನ್ನ ಕೈಗೆ ಹಾಕಿ, ಬಾಪ್ಪುವಿಗೆ ಕೇಳದ ಹಾಗೆ, “ಯಾರ ಕಿವಿ ಹೋಯ್ತು?” ಎಂದರು. ಅಧಿಕಾರಿಯದು ಸರಿಯಾಗಿದೆ ಎಂದೆ. ಅವರು ನನ್ನನ್ನೇ ನೋಡಿದರು. “ನಾನು ಅವರದ್ದನ್ನು ಕೇಳಿದ್ದಲ್ಲ” ಎಂದರು. ನಾನು ಅದನ್ನು ಜೇಬಿಗೆ ಹಾಕಿಕೊಂಡೆ. ಹಾಗೆ ಅದು ನನ್ನ ಮೇಜಿಗೆ ಬಂತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು, ನಾವು ಆ ಮಾತನ್ನು ಮೂರ್ಖರ ಕತೆಯೆಂದು ಕೇಳಿ ನಗುತ್ತಿದ್ದೆವು. ಈಗ ನನಗೆ ಅನುಮಾನ. ಬರೆ ಹಾಕಿದವನು ಮೂರ್ಖನಲ್ಲ. ನನ್ನ ಸಿಟ್ಟೆಲ್ಲ ಇರುವುದು ಇಲ್ಲಿಯೇ ನೋಡಿ: ಎಮ್ಮೆಗೆ ಬರೆ ಹಾಕಿದಾಗ ಎತ್ತಿನ ಜ್ವರ ನಿಜವಾಗಿಯೂ ಇಳಿಯಿತು. ಮೂತಿ ಕೆಲಸ ಮಾಡಿತು. ಬಾಪ್ಪುವಿನ ಹೆಗಲು ವಾಸಿಯಾಯಿತು. ವಾಸಿಯಾಗದೇ ಇದ್ದಿದ್ದರೆ ಅದನ್ನು ಎರಡನೆಯ ವಾರವೇ ಬಿಚ್ಚಿ ಎಸೆಯುತ್ತಿದ್ದರು. ನಮ್ಮ ಊರಿನಲ್ಲಿ ತನ್ನ ಮಾಡಿನ ನೀರನ್ನು ಪಕ್ಕದ ಮನೆಯ ಅಂಗಳಕ್ಕೆ ಬಿಡುವ ಹಾಗೆ ದಂಬೆ ಕಟ್ಟಿಸಿದವನು, ಈ ಮಳೆಗಾಲ ನಮಗೆ ತೊಂದರೆಯೇ ಆಗಲಿಲ್ಲ ಎಂದು ಸಂತೋಷದಿಂದ ಹೇಳುತ್ತಾನೆ, ಅವನು ಹೇಳುವುದು ಸತ್ಯ. ಬಂಗಲೆಗೆ ಹೊಗೆ ಬರುತ್ತದೆಂದು ಚಿಮಿಣಿಯನ್ನು ಎರಡಾಳು ಎತ್ತರ ಮಾಡಿಸಿದರೆ, ಬಂಗಲೆಯ ಪರದೆಗಳು ಬಿಳಿಯಾಗಿಯೇ ಉಳಿಯುತ್ತವೆ. ಹೊಳೆಯ ಆಚೆ ಒಣಮೀನು ಹರಡುವ ಹೆಂಗಸಿನ ಕೆಮ್ಮು ಬಂಗಲೆಯವರೆಗೆ ಬರುವುದಿಲ್ಲ. ಸುಖಪಟ್ಟವರು ಇದನ್ನು ದೇವರ ಕೃಪೆ ಎನ್ನುತ್ತಾರೆ, ಮೊಂಬತ್ತಿ ಹಚ್ಚುತ್ತಾರೆ. ಒದೆ ಯಾರ ಮನೆಗೆ ಹೋಯಿತು ಎಂದು ಕೇಳುವ ಹಸನಬ್ಬ ಬ್ಯಾರಿ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಇದ್ದರೂ ನಾವು ಮೊದಲಿನ ಅರ್ಧವನ್ನಷ್ಟೇ ಕೇಳುತ್ತೇವೆ. ಕೇಳಿಸದ ಕಾರಣಕ್ಕೆ ಮಣ್ಣು ಹೊರಲು ಹೋದವನು ಮಾತ್ರ ತನಿಯಪ್ಪ.

ನಾನೇನು ಕಡಿಮೆಯೇ? ಬಾಪ್ಪು ತಮ್ಮ ಹೆಗಲಿನ ನೋವನ್ನು ಅವನ ಕಿವಿಗೆ ತಿರುಗಿಸಿದರು. ನಾನು ನನ್ನ ಮನಸ್ಸಿನ ನೋವನ್ನು ನಗೆಯಾಗಿ ಮಾಡಿ ಮದುವೆಮನೆಗಳಿಗೆ ಹಂಚಿದೆ. ಆ ಕತೆ ಹೇಳಿದ ದಿನಗಳಲ್ಲಿ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಫೆಲಿಕ್ಸನಿಗೆ ಅಂದು ಕತೆ ಹೇಳಲಿಲ್ಲ, ಮೂತಿಯನ್ನೂ ಕೊಡಲಿಲ್ಲ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಅದನ್ನು ಜೇಬಿಗೆ ಹಾಕಿಕೊಂಡು ಮಂಗಳಾದೇವಿ ದೇವಸ್ಥಾನದ ಹಿಂದಿನ ಓಣಿಗೆ ಹೋದೆ. ತನಿಯಪ್ಪ ಈಗ ಮಣ್ಣಿನ ಕೆಲಸವನ್ನೂ ಬಿಟ್ಟಿದ್ದಾರೆ. ಜಗಲಿಯ ಮೇಲೆ ಕೂತು ಒಣಗಿದ ಹುಣಿಸೆಹಣ್ಣಿನಿಂದ ಬೀಜ ಬಿಡಿಸುತ್ತಿದ್ದರು. ನಾನು ಕೆಳಗಿನ ಮೆಟ್ಟಿಲಿನ ಮೇಲೆ ಕೂತೆ.

ಪಾಪನಿವೇದನೆ ಮಾಡಿ ಅಭ್ಯಾಸ ಇರುವವನು ನಾನು. ಜಾಲರಿಯ ಆಚೆ ಪಾದ್ರಿಗಳ ಕಿವಿ, ಈಚೆ ನನ್ನ ಬಾಯಿ. ನಮ್ಮಿಬ್ಬರ ನಡುವೆ ಇರುವೆಗೂ ಕೇಳದ ಪಿಸುಮಾತು. ಹಾಗೆಯೇ ಮೆಲ್ಲಗೆ ಶುರುಮಾಡಿದೆ. ತನಿಯಪ್ಪ ಎಡಗಿವಿ ಮುಂದೆ ಮಾಡಿ, “ಎಂತ ಪೊರ್ಬುಲೆ?” ಎಂದರು. ಆಗ ನನಗೆ ಗೊತ್ತಾಯಿತು, ಈ ಕಿವಿಗೆ ಪಿಸುಗುಟ್ಟುವ ಸವಲತ್ತು ನನಗಿಲ್ಲ. ಅದನ್ನು ಕಳೆದದ್ದರಲ್ಲಿ ನನ್ನ ಪಾಲೂ ಉಂಟು. ಕೂಗಿದೆ. “ಮೂತಿ ಹಾಕಿದ ದಿನವೇ ಹಸನಬ್ಬ ಬ್ಯಾರಿಗಳು ಹೇಳಿದ್ದರು, ಶಬ್ದವೆಲ್ಲ ಬದಿಗೆ ಬರ್ತದೆ, ಪಕ್ಕದಲ್ಲಿ ಯಾರೂ ನಿಲ್ಲಬಾರದು ಅಂತ. ನನಗೆ ಗೊತ್ತಿತ್ತು. ನಾನು ನಿಮಗೆ ಹೇಳಲಿಲ್ಲ.” ಓಣಿಯ ಬಾವಿಕಟ್ಟೆಯಲ್ಲಿ ಕೊಡ ನಿಂತಿತು. ಪಕ್ಕದ ಮನೆಯ ಬಾಗಿಲಿಗೆ ಇಬ್ಬರು ಬಂದರು. ಬರಲಿ. ಆ ಅಂಗಳದಲ್ಲಿ ಅವರಿಗೆ ಆದದ್ದು ಈ ಓಣಿಯಲ್ಲಿ ನನಗೆ ಆಗಬೇಕಾದದ್ದೇ.

ತನಿಯಪ್ಪ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಇನ್ನೊಂದು ಹಣ್ಣು ಎತ್ತಿಕೊಳ್ಳುತ್ತ, ದೊಡ್ಡ ದನಿಯಲ್ಲಿ, ಅವರಿಗೆ ಈಗ ಇರುವುದು ಅದೊಂದೇ ದನಿ, ಕೇಳಿದರು:

“ಹೇಳಿದ್ದರೆ ನಾನು ಒಂದು ಹೆಜ್ಜೆ ಹಿಂದೆ ನಿಲ್ತಿದ್ದೆ. ಅಷ್ಟೇ ಅಲ್ವಾ ಬೇಕಾದದ್ದು?”

ಅಷ್ಟೇ. ನಾನು ಆ ಪ್ರಶ್ನೆಗೆ ತಲೆಯಾಡಿಸಿದೆ. ಅವರು ಕ್ಷಮಿಸಿದೆ ಎನ್ನಲಿಲ್ಲ, ಹೋಗಲಿ ಬಿಡಿ ಎನ್ನಲೂ ಇಲ್ಲ; ಅಂದಿದ್ದರೆ ನನ್ನ ಒದೆಯನ್ನು ಪುನಃ ಅವರೇ ಹೊತ್ತ ಹಾಗಾಗುತ್ತಿತ್ತು. ಜೇಬಿನಿಂದ ಮೂತಿ ತೆಗೆದು ಜಗಲಿಯ ಮೇಲಿಟ್ಟೆ. “ಬಾಪ್ಪುವಿನ ಅಳಿಯ ಕೇಳ್ತಾ ಇದ್ದಾರೆ” ಎಂದು ಕೂಗಿದೆ. “ಪುನಃ ಹಾಕಿಸ್ಲಿಕ್ಕೆ.”

ಅವರು ಅದನ್ನು ಎತ್ತಿ, ಎರಡು ಬೆರಳಿನಲ್ಲಿ ತುದಿ ಹಿಡಿದು, ಎಡಗಿವಿಯ ಹತ್ತಿರ ತೂಗಿದರು. ಕೋಲು ಇರಲಿಲ್ಲ; ಬೆರಳಿನ ಗೆಣ್ಣಿನಿಂದ ಒಂದು ಸಲ ಬಡಿದರು. ಕಣ್ಣು ಮುಚ್ಚಿದರು. ಎರಡು ಸಲ. ಮೂರು ಸಲ.

“ಹೊಂಡಕ್ಕೆ” ಎಂದರು.

ಹೇಳಿ ಅದನ್ನು ನನ್ನ ಕಡೆ ಚಾಚಿ ಹಿಡಿದರು. ಬಡಿಯುವವನು ಹೊರುವುದಿಲ್ಲ. ಎರಡೂ ಕೈಯಿಂದ ತೆಗೆದುಕೊಂಡೆ. ಓಣಿ ದಾಟಿ, ಹೊಳೆಯ ಬದಿ ಹಿಡಿದು, ಕಾರ್ಖಾನೆಯ ಹಿಂದಿನ ಬಾಗಿಲಿನವರೆಗೆ ನಡೆದೆ. ಒಡೆದ ಹಂಚಿನ ಹೊಂಡದಲ್ಲಿ ಮಳೆನೀರು ಕೆಂಪಾಗಿ ನಿಂತಿತ್ತು. ಹಾಕಿದೆ. ಸಣ್ಣ ಶಬ್ದವಾಯಿತು, ಅಷ್ಟೆ.

ಫೆಲಿಕ್ಸನಿಗೆ, ಮೂತಿ ಎಲ್ಲಿ ಉಂಟೆಂದು ಹೇಳಿದ್ದೇನೆ. ಬೇಕಾದರೆ ಇಳಿದು ಹುಡುಕಲಿ. ಅವನು ನನ್ನೊಡನೆ ಮಾತು ಬಿಟ್ಟಿದ್ದಾನೆ. ಮೊನ್ನೆ ಒಂದು ರೋಸಿನ ಮನೆಯಲ್ಲಿ ಆ ಕತೆ ಕೇಳಿದವರಿಗೆ ಈಗ ಬರೆದ ಹಾಗೆಯೇ ಹೇಳಿದೆ. ಯಾರೂ ನಗಲಿಲ್ಲ, ಊಟಕ್ಕೆ ಎಲೆ ಹಾಕಲು ಅವಸರಪಟ್ಟರು.

ಹೊತ್ತು ಈಗ ಎರಡು ಗಂಟೆ ದಾಟಿತು. ಹೊಳೆಯ ಗಾಳಿ ಒಳಗೆ ಬಂದಿದೆ. ಈ ಹಾಳೆಗಳ ಮೇಲೆ ಒಂದು ಹಂಚಿನ ಚೂರು ಇದೆ; ಹೊಂಡದ ಬದಿಯಿಂದ ಹೆಕ್ಕಿ ತಂದದ್ದು. ಉಕ್ಕಿನಷ್ಟು ಭಾರವಿಲ್ಲ, ಆಗಾಗ ಒಂದೊಂದು ಹಾಳೆ ತಪ್ಪಿಸಿಕೊಂಡು ಹಾರುತ್ತದೆ. ಎದ್ದು, ಬಗ್ಗಿ, ಹೆಕ್ಕಿ ತಂದು ಇಡುತ್ತೇನೆ. ಸೊಂಟ ನೋಯುತ್ತದೆ. ನೋಯಲಿ, ಈ ನೋವನ್ನಾದರೂ ಯಾರ ಮನೆಗೂ ಕಳಿಸುವುದಿಲ್ಲ.